ಬೈಕಿನ ಫೋರ್ಕ್ ಆಯಿಲ್ ಬದಲಿಸುವುದು: ಯಾವ ಬೋಲ್ಟ್ ಮೊದಲು, ಯಾವುದು ಆಮೇಲೆ

ಮುಂಗಾರು ಹತ್ತಿರ ಬಂತು ಅಂದರೆ ಫೋರ್ಕ್ ಬಗ್ಗೆ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಶಾಕ್ ಕಾಲುಗಳ ಬಗ್ಗೆ, ನನಗೆ ಒಂದೇ ತರದ ಫೋನ್‌ಗಳು ಬರುತ್ತವೆ. "ಫೋರ್ಕ್ ಬಿಚ್ಚಿ ಹೊರಗೆ ತೆಗೆದಿದೀನಿ, ಮೇಲಿನ ಕ್ಯಾಪ್ ಅಲ್ಲಾಡ್ತಾನೇ ಇಲ್ಲ." "ಹೊಸ ಆಯಿಲ್ ಹಾಕಿ ಹದಿನೈದು ದಿನ ಆಗಿಲ್ಲ, ಮತ್ತೆ ಸೋರ್ತಿದೆ." "ಆಯಿಲ್ ಬದಲಿಸಿದ ಮೇಲೆ ಮುಂದಿನ ಶಾಕ್ ಕಲ್ಲಿನ ಹಾಗಾಗಿದೆ." ತೀರ್ಥಹಳ್ಳಿ, ಹೊಸನಗರ, ರಿಪ್ಪನ್‌ಪೇಟೆ, ಎಲ್ಲ ಕಡೆಯಿಂದಲೂ ಇವೇ ಮೂರು ದೂರು. ಕೇಳುವವರಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ ಎಂದಲ್ಲ. ಕ್ರಮ ತಪ್ಪಿರುತ್ತದೆ, ಇಲ್ಲವೇ ಅಳತೆ ತಪ್ಪಿರುತ್ತದೆ. ಹಾಗಾಗಿ ಇಲ್ಲಿ ಆ ಎರಡನ್ನೇ ಜಾಸ್ತಿ ಬಿಡಿಸಿ ಬರೆದಿದ್ದೇನೆ.

ಇದು ಸಾಮಾನ್ಯ ಫೋರ್ಕ್ ಇರುವ ಬೈಕುಗಳಿಗೆ ಮಾತ್ರ. ಅಂದರೆ ಮೇಲೆ ಹೊಳೆಯುವ ತೆಳು ಪೈಪು, ಕೆಳಗೆ ದಪ್ಪ ಅಲ್ಯೂಮಿನಿಯಂ ಬಾಟಮ್ ಕೇಸ್ ಇರುವಂಥವು. ದಪ್ಪ ಭಾಗ ಮೇಲಿದ್ದು ತೆಳು ಪೈಪು ಕೆಳಗಿದ್ದರೆ ಅದು ತಲೆಕೆಳಗಾದ ಫೋರ್ಕ್. ಅದನ್ನು ಬಿಚ್ಚಲು ಬೇರೆ ಟೂಲ್ ಬೇಕು. ಮನೆಯಲ್ಲಿ ಮುಟ್ಟಬೇಡಿ.

## ತೊಂದರೆ ಆಯಿಲ್‌ನದ್ದೇನಾ?

ಬ್ರೇಕ್ ಹಿಡಿದ ಕೂಡಲೇ ಬೈಕಿನ ಮೂತಿ ಧಡಕ್ಕನೆ ಕುಸಿಯುತ್ತದೆ. ಹಂಪ್ ಇಳಿದ ಮೇಲೂ ಎರಡು ಮೂರು ಸಲ ಕುಣಿಯುತ್ತದೆ. ಗುಂಡಿಗೆ ಇಳಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬರುತ್ತದೆ. ಇವು ಆಯಿಲ್ ಹಳೆಯದಾಗಿದೆ ಅಥವಾ ಕಡಿಮೆಯಾಗಿದೆ ಅನ್ನುವ ಗುರುತು. ಹೊಳೆಯುವ ಪೈಪಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಕೂಡ ಹೋಗಿದೆ. ಆಗ ಆಯಿಲ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ. ಹದಿನೈದು ದಿನಕ್ಕೆ ಮತ್ತೆ ಸೋರಿದ್ದು ಯಾಕೆ ಎಂದು ಕೇಳಿದವರಲ್ಲಿ ಹೆಚ್ಚಿನವರು ಇಲ್ಲೇ ಎಡವಿದ್ದರು.

ಇನ್ನೊಂದು ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ. ಇನ್ನೊಬ್ಬರು ಹ್ಯಾಂಡಲ್ ಕೆಳಗೆ, ಫೋರ್ಕ್ ಚಾಸಿಗೆ ಸೇರುವ ಕಡೆ ಬೆರಳಿಟ್ಟಿರಲಿ. ಅಲ್ಲಿ "ಟಕ್ ಟಕ್" ಎಂದು ಅಲುಗಾಟ ಸಿಕ್ಕರೆ ಹೋಗಿರುವುದು ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಫೋರ್ಕ್ ಅಲ್ಲ. ಅದಕ್ಕೆ ಎಷ್ಟು ಆಯಿಲ್ ಬದಲಿಸಿದರೂ ಸದ್ದು ಹೋಗುವುದಿಲ್ಲ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎನ್ನುವುದು ನಿಮ್ಮ ಬೈಕಿನ ಪುಸ್ತಕದಲ್ಲಿದೆ. ಅದು ಎಲ್ಲ ಊರಿಗೂ ಸೇರಿಸಿ ಬರೆದ ಲೆಕ್ಕ. ಕೆಮ್ಮಣ್ಣಿನ ರಸ್ತೆ, ತೋಟದ ದಾರಿ, ತಿಂಗಳುಗಟ್ಟಲೆ ಮಳೆ ಇರುವ ನಮ್ಮ ಕಡೆ ನಾನು ಎರಡು ಮಳೆಗಾಲಕ್ಕೆ ಒಮ್ಮೆ ಬದಲಿಸುತ್ತೇನೆ. ಏಪ್ರಿಲ್ ಅಥವಾ ಮೇ ತಿಂಗಳು ಒಳ್ಳೆಯದು. ಜುಲೈನಲ್ಲಿ ಬಿಚ್ಚಿದರೆ ಗಾಳಿಯಲ್ಲೇ ನೀರಿರುತ್ತದೆ. ತೆರೆದಿಟ್ಟ ಪೈಪಿನ ಒಳಗೂ ತೇವ ಇಳಿಯುತ್ತದೆ.

## ಬಿಚ್ಚುವ ಮೊದಲೇ ಮನೆಯಲ್ಲಿರಬೇಕಾದದ್ದು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಬೈಕ್ ಬಿಚ್ಚಿ ಹಾಕಿ, ಒಂದು ವಾಷರ್‌ಗಾಗಿ ಬಸ್ ಹತ್ತಿ ಹೋಗುವುದೆಂದರೆ ಒಂದು ದಿನ ಹಾಳು. ಎಲ್ಲ ಸಾಮಾನು ಕೈಗೆ ಬಂದ ಮೇಲೆಯೇ ಮೊದಲ ಬೋಲ್ಟ್ ಮುಟ್ಟಿ.

- ಫೋರ್ಕ್ ಆಯಿಲ್, ಪುಸ್ತಕದಲ್ಲಿ ಹೇಳಿದ ಗ್ರೇಡ್‌ನದ್ದು. ಎರಡೂ ಕಾಲಿಗೆ ಸಾಕಾಗಿ ತೊಳೆಯಲು ಸ್ವಲ್ಪ ಉಳಿಯುವಷ್ಟು.
- ಆಯಿಲ್ ಸೀಲ್, ಡಸ್ಟ್ ಸೀಲ್ ಎರಡೆರಡು. ಕ್ಯಾಪಿನ ಓ-ರಿಂಗ್ ಎರಡು. ಕೆಳಗಿನ ಬೋಲ್ಟಿನ ತಾಮ್ರದ ವಾಷರ್ ಎರಡು.
- ರಿಂಗ್ ಸ್ಪ್ಯಾನರ್, ಟಿ ಸ್ಪ್ಯಾನರ್, ಅಲೆನ್ ಕೀ ಸೆಟ್. ಟಾರ್ಕ್ ರೆಂಚ್ ಸಿಕ್ಕರೆ ತುಂಬಾ ಒಳ್ಳೆಯದು.
- ಮಿಲಿ ಗುರುತಿರುವ ಅಳತೆ ಲೋಟ, ಉಕ್ಕಿನ ಸ್ಕೇಲ್.
- ದೊಡ್ಡ ಸಿರಿಂಜ್, ಅದರ ತುದಿಗೆ ಸಿಕ್ಕಿಸಲು ತೆಳು ಪ್ಲಾಸ್ಟಿಕ್ ಟ್ಯೂಬು. ದನಗಳಿಗೆ ಔಷಧಿ ಕುಡಿಸುವ ಸಿರಿಂಜ್ ಸಾಕು. ಹೊಸದಿರಲಿ.
- ಜ್ಯಾಕ್, ಗಟ್ಟಿ ಹಲಗೆ ಎರಡು, ಹಳೆ ಬನಿಯನ್ ಬಟ್ಟೆ, ಹಳೆ ಆಯಿಲ್ ಹಿಡಿಯಲು ಬಕೆಟ್.

ತೋಟಕ್ಕೆ ಔಷಧಿ ಅಳೆಯುವ ಲೋಟ ಬೇಡ. ಅದರ ತಳದಲ್ಲಿ ಅಂಟಿರುವ ಪುಡಿ ಆಯಿಲ್ ಜೊತೆ ಫೋರ್ಕ್ ಒಳಗೆ ಹೋಗುತ್ತದೆ.

ಆಯಿಲ್ ಬಗ್ಗೆ ಒಂದು ಮಾತು. ಉಳಿದ ಎಂಜಿನ್ ಆಯಿಲ್ ಹಾಕುವವರು ಈಗಲೂ ಇದ್ದಾರೆ. ಬೈಕ್ ಓಡುತ್ತದೆ, ನಿಜ. ಆದರೆ ಸಣ್ಣ ತೂತುಗಳಲ್ಲಿ ನುಗ್ಗಿ ಬರುವಾಗ ನೊರೆ ಬಾರದ ಹಾಗೆ ಮಾಡಿರುವುದು ಫೋರ್ಕ್ ಆಯಿಲ್. ನೊರೆ ಬಂದರೆ ಶಾಕ್ ಹಿಡಿತ ಬಿಡುತ್ತದೆ. ಒಂದು ಕಂಪನಿಯ 10ಡಬ್ಲ್ಯೂ (ಆಯಿಲ್ ಎಷ್ಟು ದಪ್ಪ ಎಂದು ಹೇಳುವ ಗ್ರೇಡ್) ಇನ್ನೊಂದು ಕಂಪನಿಯ 10ಡಬ್ಲ್ಯೂ ಅಷ್ಟೇ ದಪ್ಪ ಇರಬೇಕೆಂದೂ ಇಲ್ಲ. ಎರಡೂ ಕಾಲಿಗೆ ಒಂದೇ ಡಬ್ಬದ ಆಯಿಲ್ ಹಾಕಿ.

## 1. ತೊಳೆದು, ಸರಿಯಾದ ಜಾಗದಲ್ಲಿ ನಿಲ್ಲಿಸಿ

ಹಿಂದಿನ ದಿನವೇ ಬೈಕಿನ ಮುಂಭಾಗ ಚೆನ್ನಾಗಿ ತೊಳೆದು ಒಣಗಿಸಿ. ಕ್ಯಾಪಿನ ಸುತ್ತ ಕೂತ ಕೆಮ್ಮಣ್ಣು ಒಳಗೆ ಬಿದ್ದರೆ ಹೊಸ ಸೀಲನ್ನು ಮರಳು ಕಾಗದದ ಹಾಗೆ ಉಜ್ಜುತ್ತದೆ.

ಸಿಮೆಂಟ್ ನೆಲ ಬೇಕು, ಮೇಲೆ ಸೂರು ಬೇಕು. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿರುತ್ತದೆ, ಆದರೆ ಗಾಳಿ ಧೂಳು ಜಾಸ್ತಿ. ಶೆಡ್ ಅಥವಾ ಜಗಲಿ ವಾಸಿ. ಮಣ್ಣಿನ ನೆಲವಾದರೆ ಸೆಂಟರ್ ಸ್ಟ್ಯಾಂಡ್ ಕೆಳಗೆ ಹಲಗೆ ಇಡಿ.

ಸದ್ಯಕ್ಕೆ ಮುಂದಿನ ಚಕ್ರ ನೆಲದ ಮೇಲೇ ಇರಲಿ. ಎತ್ತಬೇಡಿ.

## 2. ಚಕ್ರ ನೆಲದಲ್ಲಿರುವಾಗಲೇ ಸಡಿಲಿಸಬೇಕಾದದ್ದು

ಇಡೀ ಕೆಲಸದಲ್ಲಿ ಇದೇ ಮುಖ್ಯ ಹಂತ. ಇಲ್ಲಿ ಬೋಲ್ಟ್ ತೆಗೆಯುವುದಿಲ್ಲ, ಸಡಿಲಿಸುವುದು ಮಾತ್ರ.

ಮೊದಲು ಆಕ್ಸಲ್ ನಟ್. ಚಕ್ರ ಗಾಳಿಯಲ್ಲಿ ತೂಗುವಾಗ ಅದನ್ನು ಬಿಚ್ಚಲು ಹೋದರೆ ಬೈಕೇ ಜ್ಯಾಕಿನಿಂದ ಜಾರಬಹುದು.

ಆಮೇಲೆ ಫೋರ್ಕ್ ಪೈಪನ್ನು ಅಪ್ಪಿ ಹಿಡಿದಿರುವ ಮೇಲಿನ ಕ್ಲ್ಯಾಂಪಿನ ಬೋಲ್ಟ್. ಅದು ಬಿಗಿ ಇದ್ದರೆ ಒಳಗಿನ ಕ್ಯಾಪಿನ ಮರೆಯನ್ನೂ (ಥ್ರೆಡ್) ಅದುಮಿಟ್ಟಿರುತ್ತದೆ. ಅದನ್ನು ಸಡಿಲಿಸಿ, ಕೆಳಗಿನ ಕ್ಲ್ಯಾಂಪ್ ಬಿಗಿಯಾಗಿಯೇ ಇರುವಾಗ, ಮೇಲಿನ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ. ಈಗ ಫೋರ್ಕನ್ನು ಬೈಕೇ ಗಟ್ಟಿಯಾಗಿ ಹಿಡಿದುಕೊಂಡಿದೆ. ಹೊರಗೆ ತೆಗೆದ ಮೇಲೆ ಆ ನುಣುಪಾದ ದುಂಡು ಪೈಪನ್ನು ಹಿಡಿಯಲು ಯಾವ ವೈಸೂ ಸರಿಹೋಗುವುದಿಲ್ಲ. ನಾನು ಮೊದಲ ಸಲ ಮಾಡಿದಾಗ ಇದು ಗೊತ್ತಿರಲಿಲ್ಲ. ಪೈಪನ್ನು ವೈಸಿಗೆ ಕೊಟ್ಟು ಬಿಗಿ ಮಾಡಿದೆ. ಕ್ರೋಮಿನ ಮೇಲೆ ಎರಡು ಗೀರು ಬಿತ್ತು. ಆ ಗೀರು ಹೊಸ ಸೀಲನ್ನು ಒಂದೇ ತಿಂಗಳಲ್ಲಿ ಕೊಯ್ದು ಹಾಕಿತು. ಪೈಪೇ ಬದಲಿಸಬೇಕಾಯಿತು.

ಸೀಲ್ ಬದಲಿಸುವುದಾದರೆ ಬಾಟಮ್ ಕೇಸಿನ ತಳದಲ್ಲಿರುವ ಅಲೆನ್ ಬೋಲ್ಟನ್ನೂ ಈಗಲೇ ಕಾಲು ಸುತ್ತು ಸಡಿಲಿಸಿ. ಅದು ಒಳಗಿನ ಡ್ಯಾಂಪರ್ ರಾಡನ್ನು (ಎಣ್ಣೆ ನುಗ್ಗುವ ಸಣ್ಣ ತೂತುಗಳಿರುವ ಸರಳು) ಹಿಡಿದಿರುತ್ತದೆ. ಸ್ಪ್ರಿಂಗ್ ಒತ್ತುತ್ತಿರುವವರೆಗೆ ರಾಡ್ ಅಲ್ಲಾಡುವುದಿಲ್ಲ, ಬೋಲ್ಟ್ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಬೋಲ್ಟ್ ಜೊತೆ ರಾಡೂ ಸುಮ್ನೆ ಗಿರಗಿರ ತಿರುಗುತ್ತದೆ. ಆಕ್ಸಲ್ ಅಡ್ಡ ಬಂದು ಕೀ ಹೋಗದಿದ್ದರೆ ಚಕ್ರ ತೆಗೆದ ಮೇಲೆ, ಸ್ಪ್ರಿಂಗ್ ತೆಗೆಯುವ ಮೊದಲು ಮಾಡಿ. ಸೀಲ್ ಚೆನ್ನಾಗಿದ್ದರೆ ಈ ಬೋಲ್ಟ್ ಮುಟ್ಟುವುದೇ ಬೇಡ. ಮುಟ್ಟಿದರೆ ತಾಮ್ರದ ವಾಷರ್ ಬದಲಿಸಲೇಬೇಕು.

ಕೊನೆಗೆ ಸ್ಕೇಲ್ ಇಟ್ಟು ಪೈಪಿನ ತುದಿ ಮೇಲಿನ ಕ್ಲ್ಯಾಂಪಿಗಿಂತ ಎಷ್ಟು ಮೇಲಿದೆ ಅಥವಾ ಸಮಕ್ಕಿದೆ ಎಂದು ಬರೆದುಕೊಳ್ಳಿ. ಫೋಟೋ ತೆಗೆಯಿರಿ. ಮತ್ತೆ ಕೂರಿಸುವಾಗ ಎರಡೂ ಕಡೆ ಅದೇ ಅಳತೆ ಬರಬೇಕು.

ಕೆಲವು ಬೈಕುಗಳಲ್ಲಿ ಕ್ಯಾಪಿಗೆ ಮರೆಯೇ ಇರುವುದಿಲ್ಲ, ತಂತಿ ರಿಂಗ್ ಹಿಡಿದಿರುತ್ತದೆ. ಆಗ ಒಬ್ಬರು ಕ್ಯಾಪನ್ನು ಒತ್ತಿ ಹಿಡಿದು ಇನ್ನೊಬ್ಬರು ರಿಂಗ್ ತೆಗೆಯಬೇಕು. ಒಬ್ಬರೇ ಮಾಡಬೇಡಿ. ಅದನ್ನು ಫೋರ್ಕ್ ಹೊರಗೆ ತೆಗೆದ ಮೇಲೆ ಮಾಡಿದರೂ ನಡೆಯುತ್ತದೆ.

## 3. ಚಕ್ರ, ಬ್ರೇಕ್, ಮಡ್‌ಗಾರ್ಡ್

ಈಗ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಹಲಗೆ ಇಟ್ಟು ಜ್ಯಾಕ್ ಎತ್ತಿ. ಸೈಲೆನ್ಸರ್ ಪೈಪಿಗೆ ಜ್ಯಾಕ್ ಕೊಡಬೇಡಿ, ಬಗ್ಗುತ್ತದೆ. ಹಿಂದಿನ ಕ್ಯಾರಿಯರ್ ಮೇಲೆ ಮರಳಿನ ಚೀಲ ಇಟ್ಟರೆ ಬೈಕ್ ಮುಂದಕ್ಕೆ ಮುಗ್ಗರಿಸುವುದಿಲ್ಲ. ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಭಯವಾದರೆ ನಿಲ್ಲಿಸಿ, ಸರಿ ಮಾಡಿಕೊಂಡು ಮುಂದುವರಿಯಿರಿ.

ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರ್ ಬಿಚ್ಚಿ ತಂತಿಯಿಂದ ಚಾಸಿಗೆ ಕಟ್ಟಿ. ಬ್ರೇಕ್ ಪೈಪಿನಲ್ಲೇ ಅದನ್ನು ನೇತಾಡಿಸಬೇಡಿ. ಎರಡು ಪ್ಯಾಡ್ ನಡುವೆ ಮರದ ಚಕ್ಕೆ ಇಡಿ. ಮನೆಯ ಮಕ್ಕಳು ಬಂದು ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬರುತ್ತದೆ. ಎಬಿಎಸ್ ಸೆನ್ಸರಿನ ವೈರ್ ಇದ್ದರೆ ಅದು ಎಳೆಯದ ಹಾಗೆ ಮೊದಲೇ ಬಿಡಿಸಿ.

ಚಕ್ರ ತೆಗೆಯುವಾಗ ಯಾವ ಬುಷ್ ಯಾವ ಕಡೆ ಇತ್ತು, ಸ್ಪೀಡೋಮೀಟರ್ ಗೇರ್ ಹೇಗೆ ಕೂತಿತ್ತು ಎಂದು ಫೋಟೋ ಇರಲಿ. ಆಮೇಲೆ ಮಡ್‌ಗಾರ್ಡ್.

## 4. ಕಾಲುಗಳನ್ನು ಇಳಿಸಿ

ಕೆಳಗಿನ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಫೋರ್ಕನ್ನು ತಿರುಚುತ್ತಾ ಕೆಳಕ್ಕೆ ಎಳೆಯಿರಿ. ತುಕ್ಕು ಹಿಡಿದು ಬಾರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಚಹಾ ಕುಡಿದು ಬನ್ನಿ. ಮೇಲಿನಿಂದ ಸುತ್ತಿಗೆ ಏಟು ಬೇಡ. ಎಡ, ಬಲ ಎಂದು ಟೇಪ್ ಅಂಟಿಸಿ. ಎರಡರ ಒಳಗಿನ ಭಾಗಗಳೂ ಬೆರೆಯಬಾರದು.

## 5. ಕ್ಯಾಪ್ ತೆಗೆದು ಹಳೆ ಆಯಿಲ್ ಇಳಿಸಿ

ಕ್ಯಾಪಿನ ಕೆಳಗೆ ಸ್ಪ್ರಿಂಗ್ ಅದುಮಿಕೊಂಡು ಕೂತಿದೆ. ಕೊನೆಯ ಮರೆ ಬಿಟ್ಟ ಕೂಡಲೇ ಕ್ಯಾಪ್ ಚಿಮ್ಮುತ್ತದೆ. ಮುಖ ಪಕ್ಕಕ್ಕಿರಲಿ. ಕ್ಯಾಪಿನ ಮೇಲೆ ದಪ್ಪ ಬಟ್ಟೆ ಹಾಕಿ, ಅಂಗೈಯಿಂದ ಸ್ಪ್ಯಾನರನ್ನು ಕೆಳಗೆ ಒತ್ತಿಕೊಂಡೇ ಕೊನೆಯ ಎರಡು ಸುತ್ತು ಬಿಚ್ಚಿ. ಕನ್ನಡಕ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಒಳಗಿನಿಂದ ಬಂದದ್ದನ್ನು ಬಂದ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡಿ. ಸ್ಪೇಸರ್, ವಾಷರ್, ಸ್ಪ್ರಿಂಗ್. ಕೆಲವು ಸ್ಪ್ರಿಂಗ್‌ಗಳಲ್ಲಿ ಒಂದು ತುದಿಯ ಸುರುಳಿ ಒತ್ತೊತ್ತಾಗಿರುತ್ತದೆ. ಅದು ಮೇಲಿತ್ತಾ, ಕೆಳಗಿತ್ತಾ ಎಂದು ಬರೆದುಕೊಳ್ಳಿ.

ಫೋರ್ಕನ್ನು ಬಕೆಟ್ ಮೇಲೆ ತಲೆಕೆಳಗು ಮಾಡಿ, ಎಂಟು ಹತ್ತು ಸಲ ಪಂಪ್ ಮಾಡಿ. ಆಮೇಲೆ ಹಾಗೇ ಬೋರಲು ನಿಲ್ಲಿಸಿ ಅರ್ಧ ಗಂಟೆ ಬಿಡಿ. ಸುಮ್ನೆ ಸುರಿದು ಮುಗಿಸಿದರೆ ಡ್ಯಾಂಪರ್ ಒಳಗೆ ಹಳೆಯದು ಉಳಿಯುತ್ತದೆ. ಅದರ ಮೇಲೆ ಹೊಸದನ್ನು ಪೂರ್ತಿ ಅಳತೆ ಹಾಕಿದರೆ ಜಾಸ್ತಿಯಾಗುತ್ತದೆ. ಶಾಕ್ ಕಲ್ಲಿನ ಹಾಗಾಗುವುದಕ್ಕೆ ಇದೂ ಒಂದು ಕಾರಣ.

ಬಕೆಟ್ಟಿನಲ್ಲಿ ಬಿದ್ದದ್ದನ್ನು ಗಮನವಿಟ್ಟು ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ನೀರು ಸೇರಿದೆ. ಮಳೆಯಲ್ಲಿ ಓಡಿಸುವ ನಮ್ಮ ಕಡೆಯ ಬೈಕುಗಳಲ್ಲಿ ಇದನ್ನು ಬಹಳ ಸಲ ಕಂಡಿದ್ದೇನೆ. ಡಸ್ಟ್ ಸೀಲ್ ಸೋತಿದೆ ಎಂದೇ ಅರ್ಥ. ಬೆಳ್ಳಿಯ ಮಿಂಚು ಜಾಸ್ತಿ ಇದ್ದರೆ ಒಳಗಡೆ ಲೋಹ ಸವೆಯುತ್ತಿದೆ. ಒಂದು ಕಾಲಿನಿಂದ ಬಂದದ್ದು ಇನ್ನೊಂದಕ್ಕಿಂತ ತೀರಾ ಕಡಿಮೆ ಇದ್ದರೆ ಆ ಕಡೆಯ ಸೀಲನ್ನು ನಂಬಬೇಡಿ.

ಆಮೇಲೆ ಸ್ವಲ್ಪ ಹೊಸ ಫೋರ್ಕ್ ಆಯಿಲ್ ಹಾಕಿ, ಪಂಪ್ ಮಾಡಿ, ಅದನ್ನೂ ಸುರಿಯಿರಿ. ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ತೊಳೆಯುವುದು ಪೂರ್ತಿ ಬಿಚ್ಚಿದಾಗ ಮಾತ್ರ. ಇಲ್ಲದಿದ್ದರೆ ಒಳಗೆ ಉಳಿದದ್ದು ಹೊಸ ಆಯಿಲ್ ತೆಳು ಮಾಡುತ್ತದೆ.

ಹಳೆ ಆಯಿಲ್ ತೋಟದ ಬೇಲಿಗೂ ಹಳ್ಳಕ್ಕೂ ಸುರಿಯಬೇಡಿ. ನಮ್ಮ ಹಳ್ಳಗಳೆಲ್ಲ ಕೊನೆಗೆ ತುಂಗೆಗೋ ಶರಾವತಿಗೋ ಸೇರುವಂಥವು. ಕ್ಯಾನಿಗೆ ತುಂಬಿ, ಹಳೆ ಎಂಜಿನ್ ಆಯಿಲ್ ಕೂಡಿಡುವ ಗ್ಯಾರೇಜಿಗೆ ಕೊಡಿ.

## 6. ಪೈಪ್ ಮತ್ತು ಸೀಲ್ ನೋಡಿ

ಉಗುರಿನಿಂದ ಪೈಪಿನ ಉದ್ದಕ್ಕೂ ಸವರಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತುಕ್ಕಿನ ಗುಳಿ ಇದೆ. ಸೀಲ್ ಓಡಾಡುವ ಜಾಗದಲ್ಲಿ ಇದ್ದರೆ ಅದೇ ಸೋರಿಕೆಯ ಮೂಲ. ಮೇಲ್ಮೈಯ ಸಣ್ಣ ತುಕ್ಕನ್ನು ಎಣ್ಣೆ ಹಚ್ಚಿದ 2000 ನಂಬರಿನ ವಾಟರ್ ಪೇಪರ್‌ನಿಂದ, ಪೈಪಿನ ಸುತ್ತ ತಿರುಗಿಸುವ ಹಾಗೆ ಉಜ್ಜಿ ತೆಗೆಯಬಹುದು. ಉದ್ದುದ್ದ ಉಜ್ಜಿದರೆ ಆ ಗೆರೆಗಳಲ್ಲೇ ಎಣ್ಣೆ ಹರಿದು ಬರುತ್ತದೆ. ಆಳದ ಗುಳಿಯಾದರೆ ಪೈಪ್ ಬದಲಿಸಿ. ಅದನ್ನು ಹಾಗೇ ಬಿಟ್ಟು ಸೀಲ್ ಮಾತ್ರ ಬದಲಿಸುವುದು ಹಣ ಹಾಳು.

ಪೈಪ್ ಪೂರ್ತಿ ಹೊರಗೆ ಬಂದಿದ್ದರೆ ದಪ್ಪ ಗಾಜಿನ ಮೇಲೆ ಅಥವಾ ಸಮವಾದ ಕಡಪ ಕಲ್ಲಿನ ಮೇಲೆ ಉರುಳಿಸಿ ನೋಡಿ. ಕೆಳಗೆ ಬೆಳಕಿನ ಗೆರೆ ಬಂದು ಹೋಗಿ ಆದರೆ ಪೈಪ್ ಬಗ್ಗಿದೆ. ಎರಡು ಸ್ಪ್ರಿಂಗ್ ಪಕ್ಕಪಕ್ಕ ನಿಲ್ಲಿಸಿ. ಒಂದೇ ಎತ್ತರ ಇರಬೇಕು.

ಸೀಲ್ ಬದಲಿಸುವಾಗ ಡಸ್ಟ್ ಸೀಲ್, ಆಮೇಲೆ ಸರ್ಕ್ಲಿಪ್ (ಆಯಿಲ್ ಸೀಲನ್ನು ಹಿಡಿದಿಡುವ ತಂತಿ ರಿಂಗ್), ಆಮೇಲೆ ತಳದ ಅಲೆನ್ ಬೋಲ್ಟ್ ತೆಗೆದು ಪೈಪ್ ಹೊರಗೆಳೆದು ಆಯಿಲ್ ಸೀಲ್. ಬಾಟಮ್ ಕೇಸಿನ ಅಂಚಿಗೆ ಬಟ್ಟೆಯ ಮಡಿಕೆ ಕೊಟ್ಟೇ ಮೀಟಿ. ಒಳಗೋಡೆಗೆ ಗೀರು ಬಿದ್ದರೆ ಹೊಸ ಸೀಲಿನ ಹೊರಗಡೆಯಿಂದ ಸೋರುತ್ತದೆ. ಪೈಪನ್ನು ಮತ್ತೆ ಇಳಿಸಿ, ಹೊಸ ತಾಮ್ರದ ವಾಷರ್ ಹಾಕಿ ತಳದ ಬೋಲ್ಟ್ ಬಿಗಿ ಮಾಡಿ. ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿ, ಎಣ್ಣೆ ಹಚ್ಚಿ, ಅದರ ಮೇಲಿಂದ ಹೊಸ ಸೀಲ್ ಇಳಿಸಿ. ಅಕ್ಷರ ಬರೆದ ಬದಿ ಮೇಲೆ. ಹೊಸದರ ಮೇಲೆ ಹಳೆ ಸೀಲ್ ಇಟ್ಟು, ಅಳತೆಗೆ ಸರಿಯಾದ ಪಿವಿಸಿ ಪೈಪಿನಿಂದ ಸುತ್ತಲೂ ಸಮವಾಗಿ ತಟ್ಟಿ. ಸರ್ಕ್ಲಿಪ್ ಕೂರುವ ತೋಡು ಪೂರ್ತಿ ಕಾಣುವವರೆಗೂ ಇಳಿಯಬೇಕು.

## 7. ಹೊಸ ಆಯಿಲ್: ಮಿಲಿಯೂ ಬೇಕು, ಮಟ್ಟವೂ ಬೇಕು

ಸಣ್ಣ ಬೈಕುಗಳಲ್ಲಿ ಒಂದು ಕಾಲಿಗೆ ಹೆಚ್ಚಾಗಿ 150ರಿಂದ 200 ಮಿಲಿ ಹಿಡಿಯುತ್ತದೆ. ಆದರೆ ಅಂದಾಜಿನಲ್ಲಿ ಹಾಕಬೇಡಿ, ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕದ ಲೆಕ್ಕವೇ ಬೇಕು. ಸುಮಾರು ಪುಸ್ತಕಗಳಲ್ಲಿ ಎರಡು ಸಂಖ್ಯೆ ಇರುತ್ತವೆ. ಸುಮ್ನೆ ಆಯಿಲ್ ಬದಲಿಸಿದಾಗ ಇಷ್ಟು, ಪೂರ್ತಿ ಬಿಚ್ಚಿ ಒಣಗಿಸಿದಾಗ ಇಷ್ಟು. ನೀವು ಯಾವುದು ಮಾಡಿದ್ದೀರಿ ನೋಡಿಕೊಳ್ಳಿ.

ಹೇಳಿದ್ದಕ್ಕಿಂತ ಒಂದೆರಡು ಚಮಚ ಜಾಸ್ತಿಯೇ ಹಾಕಿ, ಸ್ಪ್ರಿಂಗ್ ಇಲ್ಲದೆ, ಫೋರ್ಕನ್ನು ನೆಟ್ಟಗೆ ಹಿಡಿದು ನಿಧಾನ ಪಂಪ್ ಮಾಡಿ. ಮೊದಲು ಕೈಗೆ ಪೊಳ್ಳು ಪೊಳ್ಳಾಗಿ ಸಿಗುತ್ತದೆ, ಗುಳುಗುಳು ಸದ್ದು ಬರುತ್ತದೆ. ಒಳಗಿನ ಗಾಳಿ ಹೊರಟ ಮೇಲೆ ಮೇಲೆಳೆಯುವಾಗ ಒಂದೇ ಸಮನೆ ಬಿಗಿ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ ಹತ್ತು ನಿಮಿಷ ಬಿಡಿ, ಗುಳ್ಳೆ ಮೇಲೆ ಬರಲಿ.

ಈಗ ಪೈಪನ್ನು ಪೂರ್ತಿ ಕೆಳಗೆ ಒತ್ತಿ. ಪೈಪಿನ ಮೇಲಂಚಿನಿಂದ ಎಣ್ಣೆಯ ಮೇಲ್ಮೈವರೆಗೆ ಎಷ್ಟು ಮಿಲಿಮೀಟರ್ ಇರಬೇಕು ಎಂದು ಪುಸ್ತಕ ಹೇಳುತ್ತದೆ. ಸಿರಿಂಜಿನ ಟ್ಯೂಬಿಗೆ ಅಷ್ಟೇ ದೂರದಲ್ಲಿ ಟೇಪ್ ಸುತ್ತಿ, ಟೇಪ್ ಅಂಚಿಗೆ ಬರುವ ಹಾಗೆ ಇಳಿಬಿಟ್ಟು ಎಳೆಯಿರಿ. ಹೆಚ್ಚಾದದ್ದು ಬರುತ್ತದೆ. ಎಣ್ಣೆ ಬರುವುದು ನಿಂತು ಗಾಳಿ ಬಂದರೆ ಮಟ್ಟ ಸರಿಯಾಯಿತು.

ಈ ಮಟ್ಟಕ್ಕೆ ಯಾಕಿಷ್ಟು ಒತ್ತು? ಎಣ್ಣೆಯ ಮೇಲೆ ಉಳಿದ ಗಾಳಿಯೂ ಒಂದು ಸ್ಪ್ರಿಂಗ್ ಹಾಗೆ ಕೆಲಸ ಮಾಡುತ್ತದೆ. ಎಣ್ಣೆ ಜಾಸ್ತಿಯಾದರೆ ಗಾಳಿಗೆ ಜಾಗ ಸಾಲದು. ದೊಡ್ಡ ಗುಂಡಿಗೆ ಇಳಿದಾಗ ಒತ್ತಡ ತಾಳದೆ ಸೀಲ್ ಕಿತ್ತುಕೊಳ್ಳುತ್ತದೆ. ಕಡಿಮೆಯಾದರೆ ಆಗುಂಬೆ ಘಾಟಿಯಂಥ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಫೋರ್ಕ್ ತಳ ಮುಟ್ಟುತ್ತದೆ. ಎರಡು ಕಾಲಿನ ಮಟ್ಟ ಬೇರೆ ಬೇರೆ ಆದರೆ ಚಕ್ರದ ಎರಡು ಬದಿಗೆ ಎರಡು ತರದ ಒತ್ತಡ.

## 8. ಜೋಡಿಸುವ ಕ್ರಮ

ಸ್ಪ್ರಿಂಗ್, ವಾಷರ್, ಸ್ಪೇಸರ್ ಬಂದ ಹಾಗೇ ಒಳಗೆ. ಕ್ಯಾಪಿಗೆ ಹೊಸ ಓ-ರಿಂಗ್ ಹಾಕಿ ಎಣ್ಣೆ ಸವರಿ. ಕ್ಯಾಪನ್ನು ಒತ್ತಿ ಹಿಡಿದು ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ. ಮರೆ "ಕ್ಲಿಕ್" ಎಂದು ಕೂತ ಮೇಲೆ ಮುಂದಕ್ಕೆ. ಮರೆ ಅಡ್ಡ ಹತ್ತಿದರೆ ಪೈಪೇ ಹಾಳು. ಈಗ ಕೈಬಿಗಿ ಸಾಕು.

ಬೈಕಿಗೆ ಕೂರಿಸುವಾಗ ಬರೆದಿಟ್ಟ ಎತ್ತರ ಸರಿ ನೋಡಿ ಕೆಳಗಿನ ಕ್ಲ್ಯಾಂಪ್ ಬಿಗಿ ಮಾಡಿ. ಆಮೇಲೆ ಮೇಲಿನ ಕ್ಯಾಪ್ ಪೂರ್ತಿ ಬಿಗಿ. ಕೊನೆಗೆ ಮೇಲಿನ ಕ್ಲ್ಯಾಂಪ್. ಬಿಚ್ಚಿದ್ದಕ್ಕೆ ಸರಿಯಾಗಿ ಉಲ್ಟಾ.

ಮಡ್‌ಗಾರ್ಡ್ ಬೋಲ್ಟ್‌ಗಳನ್ನು ಸಡಿಲವಾಗಿಯೇ ಹಾಕಿ, ಚಕ್ರ ಕೂರಿಸಿ. ಡ್ರಮ್ ಬ್ರೇಕ್ ಇರುವವರು ಇಲ್ಲಿ ಕಣ್ಣಿಟ್ಟು ನೋಡಿ: ಬ್ರೇಕ್ ಪ್ಲೇಟಿನಲ್ಲಿರುವ ತೋಡು ಬಾಟಮ್ ಕೇಸಿನ ಮೊಳೆಗೆ ಸರಿಯಾಗಿ ಕೂರಲೇಬೇಕು. ತಪ್ಪಿದರೆ ಬ್ರೇಕ್ ಹಿಡಿದ ಕೂಡಲೇ ಪ್ಲೇಟ್ ಚಕ್ರದ ಜೊತೆ ಸುತ್ತಿ, ಚಕ್ರ ಲಾಕ್ ಆಗಿ ಬೀಳುತ್ತೀರಿ.

ಆಕ್ಸಲ್ ನಟ್ ಅರ್ಧ ಬಿಗಿಯಲ್ಲಿರುವಾಗ ಬೈಕ್ ಕೆಳಗಿಳಿಸಿ, ಹ್ಯಾಂಡಲ್ ಹಿಡಿದು ಆರೇಳು ಸಲ ಒತ್ತಿ. ಎರಡೂ ಕಾಲು ತಮ್ಮ ಸಾಲಿಗೆ ಬರುತ್ತವೆ. ಆಮೇಲೆ ಆಕ್ಸಲ್, ಆಮೇಲೆ ಮಡ್‌ಗಾರ್ಡ್ ಬಿಗಿ. ಮೊದಲೇ ಬಿಗಿ ಮಾಡಿದರೆ ಫೋರ್ಕ್ ಸೊಟ್ಟ ನಿಂತು ಸರಾಗ ಓಡಾಡುವುದಿಲ್ಲ, ಸೀಲ್ ಒಂದೇ ಕಡೆ ಸವೆಯುತ್ತದೆ.

## 9. ರಸ್ತೆಗೆ ಇಳಿಸುವ ಮೊದಲು

ಕ್ಯಾಲಿಪರ್ ಹಾಕಿದ ಮೇಲೆ ಬ್ರೇಕ್ ಲಿವರನ್ನು ಗಟ್ಟಿ ಸಿಗುವವರೆಗೂ ಒತ್ತುತ್ತಾ ಇರಿ. ಮೊದಲ ಒಂದೆರಡು ಸಲ ಅದು ಖಾಲಿ ಹೋಗುತ್ತದೆ. ಇದನ್ನು ಮರೆತು ಹೊರಟರೆ ಗೇಟಿನ ಹತ್ತಿರವೇ ಬ್ರೇಕ್ ಸಿಗುವುದಿಲ್ಲ. ಡಿಸ್ಕ್ ಮೇಲೆ ಒಂದು ಹನಿ ಎಣ್ಣೆ ಬಿದ್ದಿದ್ದರೂ ಬ್ರೇಕ್ ಕ್ಲೀನರಿನಿಂದ ಒರೆಸಿ. ಪ್ಯಾಡ್ ಎಣ್ಣೆ ಕುಡಿದಿದ್ದರೆ ಬದಲಿಸಿ. ಅಂಥ ಬೈಕಿನಲ್ಲಿ ಘಾಟಿ ಇಳಿಯಬೇಡಿ.

ಪೈಪ್ ಒಣ ಬಟ್ಟೆಯಲ್ಲಿ ಒರೆಸಿ, ಊರೊಳಗೇ ಎರಡು ಮೂರು ಹಂಪ್ ದಾಟಿ ಬನ್ನಿ. ತೆಳುವಾದ ಎಣ್ಣೆಯ ಪಸೆ ಮೊದಲ ಸಲ ಕಾಣಬಹುದು. ಒರೆಸಿ ಮತ್ತೆ ಓಡಿಸಿದಾಗಲೂ ಉಂಗುರ ಬಂದರೆ ಅದು ಸೋರಿಕೆ. ತಳದ ಅಲೆನ್ ಬೋಲ್ಟಿನಿಂದ ತೊಟ್ಟಿಕ್ಕಿದರೆ ವಾಷರ್ ಕೂತಿಲ್ಲ. ಹ್ಯಾಂಡಲ್ ಒಂದು ಕಡೆ ಎಳೆದರೆ ಎರಡು ಕಾಲಿನ ಎತ್ತರ ಮತ್ತೆ ಅಳೆಯಿರಿ.

## ಮಳೆಗಾಲದಲ್ಲಿ

ಕೆಸರಿನಲ್ಲಿ ಓಡಿಸಿ ಬಂದ ದಿನ ಪೈಪಿನ ಮೇಲಿನ ಮಣ್ಣು ಒಣಗುವ ಮೊದಲೇ ಒಂದು ಚೊಂಬು ನೀರು ಹಾಕಿ ಒರೆಸಿ. ಸರ್ವಿಸ್ ಸ್ಟೇಷನ್ನಿನಲ್ಲಿ ನೀರಿನ ಗನ್ನನ್ನು ಸೀಲಿಗೆ ನೇರ ಹಿಡಿಯಲು ಬಿಡಬೇಡಿ. ರಬ್ಬರ್ ಕವರ್ ಇರುವ ಫೋರ್ಕಾದರೆ ತಿಂಗಳಿಗೊಮ್ಮೆ ಅದನ್ನು ಎತ್ತಿ ನೋಡಿ, ಒಳಗೆ ನೀರು ನಿಂತು ಕಾಣದ ಹಾಗೆ ತುಕ್ಕು ಹಿಡಿದಿರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮೈಲುತುತ್ತಿನ ನೀರು ಬೈಕಿಗೆ ಚೆಲ್ಲಿದರೆ ಆಗಲೇ ತೊಳೆಯಿರಿ. ಅದು ಕಬ್ಬಿಣವನ್ನು ತಿನ್ನುತ್ತದೆ.

ಹೊಸ ಸೀಲ್ ಸ್ವಲ್ಪ ಜಿನುಗಲು ಶುರು ಮಾಡಿದರೆ ಕೂಡಲೇ ಬಿಚ್ಚಬೇಡಿ. ಡಸ್ಟ್ ಸೀಲ್ ಮೇಲೆತ್ತಿ, ಹಳೆ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿದ ಪಟ್ಟಿಯನ್ನು ಸೀಲ್ ಮತ್ತು ಪೈಪಿನ ನಡುವೆ ಮೆಲ್ಲಗೆ ತೂರಿಸಿ ಒಂದು ಸುತ್ತು ತನ್ನಿ. ಸಿಕ್ಕಿಕೊಂಡ ಮಣ್ಣಿನ ಕಣ ಹೊರಗೆ ಬಂದು ಸೋರಿಕೆ ನಿಂತದ್ದನ್ನು ಹಲವು ಸಲ ನೋಡಿದ್ದೇನೆ. ಎರಡು ಸಲ ಹೀಗೆ ಮಾಡಿದರೂ ನಿಲ್ಲದಿದ್ದರೆ ಸೀಲ್ ಮತ್ತೆ ಬಿಚ್ಚಲೇಬೇಕು.

ಒಂದು ವಾರ ಪೈಪ್ ಒಣಗಿಯೇ ಇದ್ದರೆ ಎಲ್ಲ ಬೋಲ್ಟ್‌ಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ತಾರೀಕು, ಕಿಲೋಮೀಟರ್, ಆಯಿಲ್ ಗ್ರೇಡ್, ಎಷ್ಟು ಮಿಲಿ, ಎಷ್ಟು ಮಿಲಿಮೀಟರ್ ಮಟ್ಟ, ಇಷ್ಟನ್ನೂ ಚೀಟಿಯಲ್ಲಿ ಬರೆದು ಆರ್‌ಸಿ ಕವರಿನೊಳಗೆ ಇಡಿ.